ಪೂರ್ವ ಪರೀಕ್ಷೆಯ ಅಂಕ

ನಂಜನಗೂಡು
ಜೂನ್ ತಿಂಗಳ ಮೂರನೆಯ ಭಾನುವಾರ

ಶಿವರಾಜು,

ಶಿಷ್ಯನಿಗೆ ಬರೆಯುವ ಪತ್ರದಲ್ಲಿ ಹೆಸರಿನ ಮೊದಲು 'ಚಿರಂಜೀವಿ' ಎಂದು ಸೇರಿಸುವುದು ಪದ್ಧತಿ. ಮೂವತ್ತನಾಲ್ಕು ವರ್ಷ ಎಂಟನೆಯ ತರಗತಿಯವರಿಗೆ ಪತ್ರಲೇಖನ ಕಲಿಸಿದವನು ನಾನು. ಸಂಬೋಧನೆ ತಪ್ಪಿದವರಿಗೆ ಅರ್ಧ ಅಂಕ ಕಳೆಯುತ್ತಿದ್ದೆ. ಈ ದಿನ ಆ ಪದವನ್ನು ನಾನೇ ಬಿಟ್ಟಿದ್ದೇನೆ, ತಿಳಿದೇ ಬಿಟ್ಟಿದ್ದೇನೆ. ಬೇಕಾದರೆ ನನ್ನ ಅರ್ಧ ಅಂಕವನ್ನು ನೀನು ಕಳೆ.

ಮೊದಲು ವಿಷಯ. ನೀನು ಕಳುಹಿಸಿದ ಪ್ರಮಾಣಪತ್ರಕ್ಕೆ ನಾನು ಸಹಿ ಮಾಡಿಲ್ಲ, ಮಾಡುವುದೂ ಇಲ್ಲ. 'ಒಳಭಾಗಗಳನ್ನು ಬದಲಿಸಿದ ಮೇಲೆ ನನ್ನ ಮನೆಯ ಕಂಪ್ಯೂಟರು ಏಳು ಪಟ್ಟು ವೇಗವಾಗಿದೆಯೆಂದು ಪರೀಕ್ಷೆಯ ಮೂಲಕ ದೃಢಪಟ್ಟಿದೆ' ಎಂದು ನೀನು ಟೈಪು ಮಾಡಿಸಿರುವ ವಾಕ್ಯದಲ್ಲಿ ವ್ಯಾಕರಣದ ತಪ್ಪು ಒಂದೂ ಇಲ್ಲ. ಅಷ್ಟರ ಮಟ್ಟಿಗೆ ನನ್ನ ಪಾಠ ಫಲಿಸಿದೆ. ವಾಕ್ಯವೊಂದು ಎಲ್ಲ ರೀತಿಯಿಂದಲೂ ಸರಿಯಾಗಿದ್ದು ಸುಳ್ಳನ್ನು ಹೇಳಬಲ್ಲದು ಎಂಬುದನ್ನು ಮಾತ್ರ ನಾನು ನಿನಗೆ ಕಲಿಸಿರಲಿಲ್ಲ ಎಂದುಕೊಂಡಿದ್ದೆ. ಆ ನಂಬಿಕೆಯ ಗತಿ ಏನಾಯಿತೆಂಬುದನ್ನು ಮುಂದೆ ಬರೆಯುತ್ತೇನೆ. ಓದುವುದನ್ನು ನಡುವೆ ನಿಲ್ಲಿಸಬೇಡ.

ನರಸೀಪುರ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಕಂಪ್ಯೂಟರು ಕೊಠಡಿಯಲ್ಲಿ ಹದಿನಾಲ್ಕು ಹಳೆಯ ಯಂತ್ರಗಳಿವೆ. ಪ್ರಾರ್ಥನೆಯ ಗಂಟೆಗೆ ಗುಂಡಿ ಒತ್ತಿದರೆ ಹಾಜರಿ ಕೂಗಿ ಮುಗಿಸುವ ಹೊತ್ತಿಗೆ ಅವು ಕಣ್ಣು ಬಿಡುತ್ತವೆ. ಅವನ್ನು ತೆಗೆದುಹಾಕಿ ಬೇರೆ ತರಬೇಕೋ, ಒಳಗಿನ ಭಾಗಗಳನ್ನಷ್ಟೇ ಬದಲಿಸಿದರೆ ಸಾಕೋ ಎಂಬ ಪ್ರಶ್ನೆ ಹಳೆಯ ವಿದ್ಯಾರ್ಥಿಗಳ ಸಂಘದ ಮುಂದೆ ಬಂದಾಗ, ನಂಜನಗೂಡಿನ ಬಸ್ ನಿಲ್ದಾಣದ ಹಿಂದೆ ಕಂಪ್ಯೂಟರು ದುರಸ್ತಿಯ ಅಂಗಡಿ ಇಟ್ಟುಕೊಂಡಿರುವ ನೀನು ಎದ್ದು ನಿಂತು, ಬದಲಿಸಿದರೆ ಸಾಕು, ಕೆಲಸವನ್ನು ನಾನೇ ಮಾಡಿಕೊಡುತ್ತೇನೆ ಎಂದೆ. ಮುಖ್ಯ ಶಿಕ್ಷಕಿ ಇಂದ್ರಾಣಿಯವರು ನಿನ್ನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. "ಶಿವಮಲ್ಲಪ್ಪ ಮೇಷ್ಟ್ರು ಪರೀಕ್ಷೆ ಮಾಡಿ ಸಹಿ ಹಾಕಿದರೆ ನನ್ನ ತಕರಾರಿಲ್ಲ" ಎಂದರು. ಆ ಶಾಲೆಯಲ್ಲಿ ನನ್ನ ಸಹಿಗೆ ಇನ್ನೂ ಅಷ್ಟು ಬೆಲೆಯಿದೆ ಎಂದು ನಾನು ಒಳಗೊಳಗೇ ಹಿಗ್ಗಿದೆ. ಹೀಗೆ ನನ್ನ ಮನೆಯ ಕಂಪ್ಯೂಟರು ಮಾದರಿಯಾಯಿತು. ಅದರಲ್ಲಿ ಫಲ ಕಂಡರೆ ಹದಿನಾಲ್ಕಕ್ಕೂ ಅದೇ ಚಿಕಿತ್ಸೆ. ಆ ಮಕ್ಕಳಿಗೆ ಇನ್ನು ಹತ್ತು ವರ್ಷ ಬೇರೆ ಯಂತ್ರ ಬರುವುದಿಲ್ಲವೆಂಬುದು ನಿನಗೂ ಗೊತ್ತು, ನನಗೂ ಗೊತ್ತು.

ನನ್ನ ಯಂತ್ರದ ಸ್ಥಿತಿ ನಿನಗೆ ಹೊಸದಲ್ಲ. ಒಂಬತ್ತು ವರ್ಷದ್ದು, ನಾಲ್ಕು ಜಿಬಿ ರ‍್ಯಾಮ್, ಒಳಗೆ ಗಿರ‍್ರೆಂದು ತಿರುಗುವ ಹಾರ್ಡ್ ಡಿಸ್ಕ್. ನಿವೃತ್ತನಾದ ಮೇಲೆ ನಾನು ಕೂಡಿಸುತ್ತಿರುವ ಎರಡು ತಾಲ್ಲೂಕುಗಳ ಊರ ಹೆಸರುಗಳ ಕೋಶ ಆರುನೂರ ನಲವತ್ತು ಪುಟದ ಒಂದೇ ಕಡತವಾಗಿ ಅದರೊಳಗಿದೆ. ದೇವನೂರಿನ ಪುಟ ಬೇಕೆಂದು ಕೆಳಕ್ಕೆ ಸರಿಸಿದರೆ ಅದು ಕಳಲೆಯಲ್ಲೇ ನಿಂತು ಉಸಿರು ಬಿಡುತ್ತಿತ್ತು. ಇದಕ್ಕೆ ಇನ್ನೂ ನಾಲ್ಕು ಜಿಬಿ ಸೇರಿಸಿ, ಹಾರ್ಡ್ ಡಿಸ್ಕ್ ತೆಗೆದು ಅದರ ಜಾಗದಲ್ಲಿ ತಿರುಗದೆಯೇ ಬೇಗ ಓದುವ ಎಸ್.ಎಸ್.ಡಿ. ಕೂರಿಸುತ್ತೇನೆ ಎಂದೆ ನೀನು. ಕೂರಿಸು, ಆದರೆ ಮೊದಲೂ ಆಮೇಲೂ ಅಳೆಯಬೇಕು, ಅಳತೆಗೋಲನ್ನು ಆರಿಸುವವನು ನಾನು ಎಂದೆ.

ನೀನು ಪೆನ್ ಡ್ರೈವಿನಲ್ಲಿ ಒಂದು ತಂತ್ರಾಂಶ ತಂದೆ. "ಇದ್ ಆಕುದ್ರ ಒಂದೇ ನಂಬ್ರು ಬತ್ತದ ಸಾ. ಮೊದ್ಲು ಇಷ್ಟಿತ್ತು, ಈಗ ಇಷ್ಟಾಯ್ತು ಅಂತ ಯಾರ್ಗ್ ಬೇಕಾದ್ರೂ ತೋರುಸ್ಬೋದು" ಎಂದು ಹುರುಪಿನಿಂದ ಹೇಳಿದೆ. ಎಲ್ಲಿಂದ ಬಂದದ್ದು ಎಂದು ಕೇಳಿದರೆ, ಡಿಸ್ಕ್ ಮಾರಿದ ಏಜೆಂಟನೇ ಕೊಟ್ಟದ್ದು ಎಂದೆ! ಎಸ್.ಎಸ್.ಎಲ್.ಸಿ. ಉತ್ತರ ಪತ್ರಿಕೆಗಳನ್ನು ಬರೆದವರ ಊರಿನಲ್ಲಿ ತಿದ್ದಿಸುವುದಿಲ್ಲ, ಹೊರಗೆ ಕಳುಹಿಸುತ್ತಾರೆ. ಪಾಠ ಹೇಳಿದವನೇ ಬೆಲೆ ಕಟ್ಟಬಾರದೆಂಬ ಅಷ್ಟು ಸಣ್ಣ ನಿಯಮ ನಿನಗೆ ಹೊಳೆಯಲಿಲ್ಲ. ಇನ್ನು ಆ ಒಂದೇ ಸಂಖ್ಯೆ. ಕನ್ನಡ, ಗಣಿತ, ಓಟದ ಪಂದ್ಯ ಮೂರರ ಅಂಕವನ್ನೂ ಕಲಸಿ ಒಂದೇ ಸಂಖ್ಯೆ ಮಾಡಿಕೊಟ್ಟರೆ ಹುಡುಗನಿಗೆ ಲೆಕ್ಕ ಬರುತ್ತದೆಯೋ ಬರಿಯ ಓಡಲು ಬರುತ್ತದೆಯೋ ಯಾರಿಗೆ ತಿಳಿಯಬೇಕು?

ನಾಲ್ಕು ದಿನ ಕೂತು ಓದಿದೆ. ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಯಂತ್ರದ ವೇಗವನ್ನು ಅಳೆಯುವ ಪರೀಕ್ಷೆಗೆ ಹೇಳುವ ಬೆಂಚ್‌ಮಾರ್ಕ್ ಎಂಬ ಪದಕ್ಕೆ ನಮ್ಮಲ್ಲಿ ಸಮಾನ ಪದವಿಲ್ಲದ್ದನ್ನು ಕಂಡು ನೊಂದುಕೊಂಡೆ, ಒರೆಗಲ್ಲಿನ 'ಒರೆ' ಆಗಬಹುದೆಂದು ಗುರುತು ಹಾಕಿಕೊಂಡೆ, ಮುಂದಕ್ಕೆ ಓದಿದೆ. ಕೊನೆಗೆ ಎರಡನ್ನು ಆರಿಸಿದೆ: ಡಿಸ್ಕನ್ನು ಮಾತ್ರ ಅಳೆಯುವ ಕ್ರಿಸ್ಟಲ್ ಡಿಸ್ಕ್‌ಮಾರ್ಕ್, ಪ್ರೊಸೆಸರನ್ನು ಮಾತ್ರ ದುಡಿಸಿ ನೋಡುವ ಸಿನೆಬೆಂಚ್‌ನ ಹಳೆಯ ಆವೃತ್ತಿ. ನೀನು ನಕ್ಕೆ. "ಅಲ್ಲ ಸಾ, ಪ್ರೊಸೆಸರ್ ನಾವ್ ಮುಟ್ಟಾದೇ ಇಲ್ಲ. ಮುಟ್ಟುದ್ ಮ್ಯಾಲಲ್ವಾ ಟೆಸ್ಟು?" ಮುಟ್ಟದ್ದೂ ಒಂದು ಇರಲಿ ಎಂದೆ ನಾನು. ಮುದುಕನ ಹಠ ಎಂದು ನೀನು ಒಪ್ಪಿಕೊಂಡೆ. ನಿನ್ನ ಸಮಾಧಾನಕ್ಕೆಂದು ನಿನ್ನ ಏಜೆಂಟನ ತಂತ್ರಾಂಶವನ್ನೂ ಮೂರನೆಯದಾಗಿ ಸೇರಿಸಿಕೊಳ್ಳಲು ನಾನು ಒಪ್ಪಿದೆ.

ನಿನಗೆ ಹೇಳದೆ ನಾಲ್ಕನೆಯದೊಂದನ್ನು ಇಟ್ಟುಕೊಂಡಿದ್ದೆ. ನಮ್ಮ ಶಾಲೆಯ ದೈಹಿಕ ಶಿಕ್ಷಕರು ನನ್ನ ಬೀಳ್ಕೊಡುಗೆಯ ದಿನ ತಮ್ಮ ಸ್ಟಾಪ್‌ವಾಚನ್ನು ನನಗೆ ಕೊಟ್ಟಿದ್ದರು. ಯಂತ್ರವನ್ನು ನಿನ್ನ ಅಂಗಡಿಗೆ ತರುವ ಮುನ್ನ, ಮೂರು ದಿನ ಬೆಳಿಗ್ಗೆ ಆರಕ್ಕೆ, ಬೇರೆ ಯಾವುದನ್ನೂ ತೆರೆಯದೆ, ಗುಂಡಿ ಒತ್ತಿದ ಕ್ಷಣದಿಂದ ನನ್ನ ಕೋಶದ ಕೊನೆಯ ಪುಟದಲ್ಲಿ ಕರ್ಸರ್ ಮಿನುಗುವವರೆಗೆ ಅಳೆದೆ. ಮೂರರಲ್ಲಿ ನಡುವಿನದು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು.

ಮಂಗಳವಾರ ನಾನು ಆಟೋದಲ್ಲಿ ಯಂತ್ರದ ಪೆಟ್ಟಿಗೆ ಹೊತ್ತು ನಿನ್ನ ಅಂಗಡಿಗೆ ಬಂದೆ. ಮೊದಲ ಪರೀಕ್ಷೆಗೆ ನೀನು ಕೂತೆ. ನಾನು ನಿನ್ನ ಹಿಂದೆ ನಿಂತೆ. ಹತ್ತು ನಿಮಿಷವಾಗಿರಬೇಕು, ಸ್ಟೂಲಿನಿಂದ ತಿರುಗಿ, "ಇದು ಮುಕ್ಕಾಲ್ ಗಂಟ ತಕ್ಕತದ ಸಾ. ಬಿಸ್ಲ್ ಬ್ಯಾರೆ, ತಗ್ಡಿನ್ ಸೀಟು. ಓಗಿ ಕಾಪಿ ಕುಡ್ಕಬನ್ನಿ, ಓಗಿ" ಎಂದೆ. ಎಷ್ಟು ಅಕ್ಕರೆ! ನಾನು ಹೋದೆ. ಪರೀಕ್ಷೆ ನಡೆಯುವ ಕೊಠಡಿಯಿಂದ ಮೂವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಹೊರಗೆ ಕಾಲಿಡದ ನಾನು, ನಿನ್ನ ಮಾತಿಗೆ ಎದ್ದು ಹೋಗಿ, ಸಕ್ಕರೆ ಕಡಿಮೆ ಹಾಕಿಸಿಕೊಂಡು ಕಾಫಿ ಕುಡಿದು ಬಂದೆ. ಬರುವಷ್ಟರಲ್ಲಿ ನೀನು ಪರದೆಯ ಚಿತ್ರಗಳನ್ನು ಹಾಳೆಗಿಳಿಸಿ, ಪಿನ್ನು ಚುಚ್ಚಿ, ಸಿದ್ಧವಾಗಿಟ್ಟಿದ್ದೆ.

ಶನಿವಾರ ಬೆಳಿಗ್ಗೆ ಏಳಕ್ಕೆ ಯಂತ್ರವನ್ನು ಮನೆಗೆ ತಂದು ಎರಡನೆಯ ಪರೀಕ್ಷೆ ಮಾಡಿದೆಯಲ್ಲ, ಆಗ ನಿನ್ನ ಶಿಸ್ತನ್ನು ನೋಡಬೇಕಿತ್ತು. ಎಲ್ಲವನ್ನೂ ಮುಚ್ಚಿದೆ, ರೀಸ್ಟಾರ್ಟ್ ಮಾಡಿದೆ, ಐದು ನಿಮಿಷ ತಣ್ಣಗಾಗಲು ಬಿಟ್ಟೆ, ಮೌಸನ್ನು ಮುಟ್ಟಬೇಡಿ ಎಂದು ನನಗೇ ಗದರಿದೆ. ನೀನು ಹೋದ ಮೇಲೆ ಸ್ಟಾಪ್‌ವಾಚ್ ಹಿಡಿದೆ. ಐವತ್ತೆರಡು ಸೆಕೆಂಡು! ಕನ್ನಡಕ ಹುಡುಕುವಷ್ಟರಲ್ಲಿ ಕೊನೆಯ ಪುಟ ಬಂದು ಕಾಯುತ್ತಿತ್ತು. ನನಗಾದ ಸಂತೋಷವನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ದೇವನೂರಿನಿಂದ ಸೋಮನಾಥಪುರದವರೆಗೆ ಸುಮ್ಮನೆ ಮೂರು ಸಲ ಹೋಗಿ ಬಂದೆ. ಪ್ರಮಾಣಪತ್ರಕ್ಕೆ ಸಹಿ ಮಾಡಲು ಲೇಖನಿಯ ಮುಚ್ಚಳವನ್ನೂ ತೆಗೆದಿದ್ದೆ.

ಆದರೆ ಅಂಕಪಟ್ಟಿಯನ್ನು ಅಡ್ಡಲಾಗಿಯೂ ಉದ್ದವಾಗಿಯೂ ಕೂಡಿ ನೋಡದೆ ಸಹಿ ಮಾಡುವ ಅಭ್ಯಾಸ ನನಗಿಲ್ಲ. ಎರಡು ದಿನದ ಹಾಳೆಗಳನ್ನು ಅಕ್ಕಪಕ್ಕ ಇಟ್ಟೆ. ಏಜೆಂಟನ ತಂತ್ರಾಂಶದಲ್ಲಿ ಮೊದಲು ನಾನೂರ ಹನ್ನೆರಡು, ಆಮೇಲೆ ಎರಡು ಸಾವಿರದ ಎಂಟುನೂರ ತೊಂಬತ್ತು. ನಿನ್ನ ಏಳು ಪಟ್ಟು ಇಲ್ಲಿಂದ ಬಂದದ್ದು. ಡಿಸ್ಕಿನದು ಹೇಗೂ ಏರಬೇಕು, ಏರಿದೆ. ಪ್ರೊಸೆಸರಿನದು ಮೊದಲು ನೂರ ತೊಂಬತ್ತಾರು. ಆಮೇಲೆ ಮುನ್ನೂರ ಮೂವತ್ತೆಂಟು.

ಅಲ್ಲಿ ನನ್ನ ಬೆರಳು ನಿಂತಿತು. ಪ್ರೊಸೆಸರನ್ನು ನೀನು ಮುಟ್ಟಿಲ್ಲ. ನಿನ್ನ ಬಾಯಿಂದಲೇ ಬಂದ ಮಾತು. ಮುಟ್ಟದೆ ಇದ್ದದ್ದು ನಾಲ್ಕು ದಿನದಲ್ಲಿ ಹೇಗೆ ಬುದ್ಧಿವಂತವಾಯಿತು? ಅದು ಮೊದಲೂ ಮುನ್ನೂರ ಮೂವತ್ತೆಂಟೇ. ಮೊದಲ ದಿನ ಅದರ ಕೈಕಾಲು ಕಟ್ಟಿ ಓಡಿಸಿದ್ದಾರೆ.

ಭೂತಗನ್ನಡಿ ತಂದು ನಿನ್ನ ಮೊದಲ ದಿನದ ಹಾಳೆಯ ಮೂಲೆಗಳನ್ನು ಓದಿದೆ. ನಕಲು ಮಾಡುವವರು ಉತ್ತರವನ್ನು ತಿದ್ದುತ್ತಾರೆ, ಅಂಚನ್ನು ಮರೆಯುತ್ತಾರೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ವೈರಸ್ ಶೋಧನೆ ನಡೆಯುತ್ತಿರುವ ಗುರುತು. ಅದರ ಪಕ್ಕ ಇನ್ನೇನೋ ಇಳಿಯುತ್ತಿರುವ ಬಾಣ. ಹಿಂದೆ ಅರ್ಧ ಮುಚ್ಚಿದ ಬ್ರೌಸರಿನಲ್ಲಿ ಸಾಲುಗಟ್ಟಿದ ಹನ್ನೊಂದು ಪುಟ. ಒಂದು ಹಾಳೆಯಲ್ಲಂತೂ ಯಂತ್ರವನ್ನು ನಿಧಾನ ಮಾಡುವ ವಿದ್ಯುತ್ ಉಳಿತಾಯದ ಆಯ್ಕೆಗೆ ಬಿದ್ದ ಚುಕ್ಕೆಯೇ ಕಾಣುತ್ತಿದೆ. ಗಂಟೆ ಹಗಲು ಒಂದೂ ನಲವತ್ತು. ನಾನು ಕಾಫಿ ಕುಡಿಯುತ್ತಿದ್ದೆ.

ಅದಕ್ಕಿಂತ ಹೆಚ್ಚು ಸಿಟ್ಟು ಬರಿಸಿದ ಸಂಗತಿ ಬೇರೆ. ನನ್ನ ಸ್ಟಾಪ್‌ವಾಚಿನ ಪ್ರಕಾರ ಯಂತ್ರ ನಿಜವಾಗಿಯೂ ಐದು ಪಟ್ಟು ಚುರುಕಾಗಿದೆ. ನಿನ್ನ ಕೆಲಸ ಒಳ್ಳೆಯ ಕೆಲಸ. ಸತ್ಯವೇ ಧಾರಾಳವಾಗಿ ಸಾಕಾಗಿತ್ತು. ಕೈಯಲ್ಲಿ ಐದು ಇಟ್ಟುಕೊಂಡು ಏಳಕ್ಕಾಗಿ ನೀನು ಸುಳ್ಳುಗಾರನಾದೆ.

ಸೋಮವಾರ ಹನ್ನೊಂದು ಗಂಟೆಗೆ ನಿನ್ನ ಅಂಗಡಿಗೆ ಬಂದು, ಇಬ್ಬರು ಗಿರಾಕಿಗಳ ಎದುರಿಗೆ ಹಾಳೆಗಳನ್ನು ಮೇಜಿನ ಮೇಲೆ ಎಸೆದು ನಿನ್ನನ್ನು ಕಳ್ಳ ಎಂದೆ. ಆ ಪದವನ್ನು ಈಗಲೂ ಹಿಂತೆಗೆದುಕೊಳ್ಳುವುದಿಲ್ಲ. ನೀನು ಬೊಗಳುತ್ತೀಯೆ, ಇಲ್ಲವೆ ಕಾಲಿಗೆ ಬೀಳುತ್ತೀಯೆ ಎಂದು ನಿರೀಕ್ಷಿಸಿದ್ದೆ. ಎರಡಕ್ಕೂ ಉತ್ತರ ನನ್ನಲ್ಲಿ ಸಿದ್ಧವಿತ್ತು. ನೀನು ಸ್ಕ್ರೂಡ್ರೈವರನ್ನು ಕೆಳಗಿಟ್ಟು, ಅಂಗಿಗೆ ಕೈ ಒರೆಸಿಕೊಂಡು, "ಕೂತ್ಕಳಿ ಸಾ" ಎಂದೆ. ನಾನು ಕೂರಲಿಲ್ಲ.

"ಮೊದ್ಲುಂದ ಕಮ್ಮಿ ತೋರ್ಸುದ್ರ ಆಮ್ಯಾಲುಂದು ಎದ್ ಕಾಣ್ತದ. ಇದ ನಾ ಎಲ್ ಕಲ್ತಿ ಅನ್ಕಂಡ್ರಿ ಸಾ? ಸೇತುಬಂಧದ ರಿಜಿಸ್ಟ್ರು ಗ್ಯಾಪ್ಕ ಅದಾ? ನಾ ಮೂವತ್ತೊಂದು ತಗ್ದಿದ್ದಿ. ನೀವು ಒಂಬತ್ತು ಬರುದ್ರಿ."

ಸುಳ್ಳು ಎಂದೆ ನಾನು. ಇಡೀ ರಸ್ತೆಗೆ ಕೇಳುವಂತೆ ಕೂಗಿದೆ. ಕೊಡೆ ತೆಗೆದುಕೊಂಡು ಇಳಿದು ಬರುವಾಗ ನಿನ್ನ ಗಿರಾಕಿಗಳಲ್ಲೊಬ್ಬ, "ಸುಮ್ಕಿರಪ್ಪ ಶಿವ್ರಾಜು, ವಯಸ್ಸಾದೋರು" ಎಂದದ್ದು ಬೆನ್ನಿಗೆ ಬಿತ್ತು. ನೀನು ಹೇಳಿದ್ದಕ್ಕಿಂತ ಅದೇ ಹೆಚ್ಚು ಉರಿಸಿತು.

ಮನೆಗೆ ಬಂದು ನಿನಗೆ ನಾಲ್ಕು ಪುಟದ ಪತ್ರ ಬರೆದೆ. ಅದರಲ್ಲಿ ಇಲ್ಲಿಯವರೆಗಿನ ಸಂಗತಿಯಷ್ಟೇ ಇತ್ತು. ಕವರಿಗೆ ಅಂಟು ಹಚ್ಚುವ ಮುನ್ನ, ನೀನು ಸುಳ್ಳುಗಾರನೆಂಬುದಕ್ಕೆ ಇನ್ನೊಂದು ಸಾಕ್ಷಿ ಲಗತ್ತಿಸೋಣ ಎಂದು ಹಳೆಯ ಪೆಟ್ಟಿಗೆ ತೆರೆದೆ. ಸೇವೆಯ ಪ್ರತಿಯೊಂದು ವರ್ಷದ ದಿನಚರಿಯೂ ನನ್ನಲ್ಲಿದೆ. ಎರಡು ಸಾವಿರದ ಆರನೆಯ ಇಸವಿಯದನ್ನು ತೆಗೆದೆ. ಜೂನ್ ತಿಂಗಳು. ಎಂಟನೆಯ ತರಗತಿ, ಕನ್ನಡ, ಪೂರ್ವ ಪರೀಕ್ಷೆ, ಐವತ್ತು ಅಂಕ. ನಲವತ್ತೆರಡು ಹೆಸರು, ನನ್ನದೇ ಅಕ್ಷರ, ಪೆನ್ಸಿಲು. ಹದಿನೇಳನೆಯ ಸಾಲು: ಶಿವರಾಜು, ತಂದೆ ಜವರಯ್ಯ, ಸೋಮನಾಥಪುರ. ಮೂವತ್ತೊಂದು.

ಹತ್ತೊಂಬತ್ತು ವರ್ಷಗಳ ಹಿಂದಿನ ಆ ಹಾಳೆಯನ್ನು ನಾನು ಮರೆತಿರಲಿಲ್ಲ, ಶಿವರಾಜು. ನೆನಪಿಸಿಕೊಳ್ಳದೆ ಇದ್ದೆ. ಪ್ರತಿ ಜೂನಿನಲ್ಲಿ ಹಿಂದಿನ ತರಗತಿಯ ಪಾಠದ ಮೇಲೆ ಒಂದು ಪರೀಕ್ಷೆ, ಕೆಲವು ದಿನ ಹಳೆಯ ಪಾಠಗಳ ಮರುಕಲಿಕೆ, ಆಮೇಲೆ ಸಾಫಲ್ಯ ಪರೀಕ್ಷೆ. ಇದಕ್ಕೆ ಸೇತುಬಂಧ ಎಂದು ಹೆಸರು. ಎರಡು ಪರೀಕ್ಷೆಗಳ ನಡುವಿನ ಏರಿಕೆಯೇ ಶಿಕ್ಷಕನ ಸಾಧನೆ. ಆ ವರ್ಷ ನಮ್ಮ ತರಗತಿಯ ಮಕ್ಕಳು ಮೊದಲ ಪರೀಕ್ಷೆಯಲ್ಲೇ ಚೆನ್ನಾಗಿ ಬರೆದುಬಿಟ್ಟಿದ್ದರು. ಏರಲು ಜಾಗವಿರಲಿಲ್ಲ. ಯಾರೂ ನನಗೆ ಆಜ್ಞೆ ಮಾಡಲಿಲ್ಲ. 'ಪ್ರಗತಿ ಕಾಣಬೇಕು' ಎಂಬುದೊಂದು ಮಾತು ಆಗ ಶಿಕ್ಷಕರ ಕೊಠಡಿಯಲ್ಲಿ ಗಾಳಿಯಂತೆ ಓಡಾಡುತ್ತಿತ್ತು, ಅಷ್ಟೆ. ದಿನಚರಿಯಲ್ಲಿ ನಿಜವನ್ನು ಬರೆದೆ, ಏಕೆಂದರೆ ನಾನು ಕಟ್ಟುನಿಟ್ಟಿನ ಮನುಷ್ಯ. ರಿಜಿಸ್ಟರಿನಲ್ಲಿ ಹನ್ನೊಂದು ಮಕ್ಕಳ ಅಂಕವನ್ನು ಇಳಿಸಿ ಬರೆದೆ. ಯಾವ ಹನ್ನೊಂದು ಎಂದು ಕೇಳು. ನ್ಯಾಯಬೆಲೆ ಅಂಗಡಿಯವರ ಮಗನಿಗೆ ನಿಜವಾಗಿಯೂ ಹದಿನಾರು ಬಂದಿತ್ತು, ಅದನ್ನು ಮುಟ್ಟಲಿಲ್ಲ. ಯಾರ ಮನೆಯಿಂದ ಯಾರೂ ಬಂದು ಕೇಳುವುದಿಲ್ಲವೋ ಆ ಹನ್ನೊಂದು.

ಸಾಫಲ್ಯ ಪರೀಕ್ಷೆಯಲ್ಲಿ ನಿನಗೆ ಮೂವತ್ತೆಂಟು ಬಂತು. ಮೂವತ್ತೊಂದರಿಂದ ಮೂವತ್ತೆಂಟು. ಅದೂ ಒಳ್ಳೆಯ ಏರಿಕೆಯೇ. ಅದೂ ಸಾಕಾಗಿತ್ತು. ಒಂಬತ್ತರಿಂದ ಮೂವತ್ತೆಂಟು ಎಂದು ಓದಿದ ಸಭೆಯಲ್ಲಿ ನನಗೆ ಚಪ್ಪಾಳೆ ತಟ್ಟಿದರು.

ಪೂರ್ವ ಪರೀಕ್ಷೆಯಲ್ಲಿ ಹತ್ತಕ್ಕಿಂತ ಕಡಿಮೆ ಬಂದವರನ್ನು ಬೇರೆ ಗುಂಪು ಮಾಡಿ ಕೂರಿಸಬೇಕೆಂಬ ನಿಯಮವನ್ನು ನಾನು ಅಕ್ಷರಶಃ ಪಾಲಿಸಿದೆ. ದಿನಪತ್ರಿಕೆಯನ್ನು ತಡೆಯಿಲ್ಲದೆ ಓದುತ್ತಿದ್ದ ನೀನು ಆ ಗುಂಪಿನಲ್ಲಿ ಕೂತು ದೀಪಾವಳಿಯವರೆಗೆ ಕಾಗುಣಿತ ಬರೆದೆ. ಆಗಸ್ಟ್ ಹದಿನೈದರಂದು ಧ್ವಜಾರೋಹಣ ಮುಗಿದ ಮೇಲೆ ಪೋಷಕರಿಗೆ ರಿಜಿಸ್ಟರು ತೋರಿಸುತ್ತಿದ್ದೆ. ಯಾರೂ ಬರುವುದಿಲ್ಲವೆಂದು ನಾನು ಲೆಕ್ಕ ಹಾಕಿದ್ದ ಮನೆಯಿಂದ ನಿನ್ನ ತಂದೆ ಜವರಯ್ಯ ಬಂದರು. ಕೂಲಿ ಬಿಟ್ಟು ಬಂದಿದ್ದರು. ಅಕ್ಷರ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಸಾಲಿನ ಕೆಳಗೆ ಹೆಬ್ಬೆರಳಿಟ್ಟು, "ಒಂಬತ್ತೇಯಾ ಮೇಷ್ಟ್ರೇ?" ಎಂದು ಕೇಳಿದರು. ಹೌದು, ಇನ್ನೂ ಓದಬೇಕು ಎಂದೆ. ಹಿಂದಿನಿಂದ ನೀನು, "ಅಲ್ಲ ಕಣಪ್ಪ, ಮೂವತ್ತೊಂದು. ಪೇಪರ್ನಲ್ಲಿ ಮೇಷ್ಟ್ರೇ ಬರ್ದವ್ರ" ಎಂದೆ. ಅವರು ತಿರುಗಿ ನಿನ್ನ ಕೆನ್ನೆಗೆ ಬಾರಿಸಿದರು. "ಮೇಷ್ಟ್ರು ಸುಳ್ ಬರದರ್ಲಾ? ನಿನ್ ಬಾಯ ನಂಬ್ಲಾ, ಸರ್ಕಾರಿ ಪುಸ್ತಕವ ನಂಬ್ಲಾ?" ಎಂದರು. ನಾನು ಪುಟ ತಿರುಗಿಸಿ ಮುಂದಿನ ಹೆಸರು ಕೂಗಿದೆ.

ಬರೆದಿದ್ದ ನಾಲ್ಕು ಪುಟವನ್ನು ಕವರಿನಿಂದ ತೆಗೆದಿಟ್ಟೆ. ಗುರುವಾರ ಬೆಳಗಿನ ಬಸ್ಸಿಗೆ ನರಸೀಪುರಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಸೋಮನಾಥಪುರದಲ್ಲಿ ಇಳಿದೆ. ದೇವಸ್ಥಾನ ನೋಡಲು ಬಂದವರ ವಾಹನಗಳ ನಡುವೆ ದಾರಿ ಕೇಳಿಕೊಂಡು ನಿಮ್ಮ ಕೇರಿಗೆ ಹೋದೆ. ನಿನ್ನ ತಾಯಿ ಚಿನ್ನಮ್ಮ ಜಗಲಿಯ ಮೇಲೆ ಒಣ ಅವರೆಕಾಳು ಆರಿಸುತ್ತಿದ್ದರು. ಗುರುತು ಹಿಡಿದರು. ಏಳಲಿಲ್ಲ. ಕೂರಿ ಎನ್ನಲಿಲ್ಲ. ನಿಂತುಕೊಂಡೇ ದಿನಚರಿ ತೆಗೆದು, ಹದಿನೇಳನೆಯ ಸಾಲಿಗೆ ಬೆರಳಿಟ್ಟು, ಅಮ್ಮ, ನಿಮ್ಮ ಮಗ ಅಂದು ಹೇಳಿದ್ದೇ ನಿಜ, ರಿಜಿಸ್ಟರಿನಲ್ಲಿ ನಾನು ತಪ್ಪು ಬರೆದಿದ್ದೆ ಎಂದೆ. ತಪ್ಪು ಎಂಬ ಪದವನ್ನು ಅವರು ಹಾಗೇ ಬಿಡಲಿಲ್ಲ.

"ತಪ್ಪಾಗ್ ಬರುದ್ರಾ, ಬೇಕಂತ ಬರುದ್ರಾ?"

ಬೇಕೆಂದು ಬರೆದೆ ಎಂದೆ.

ಮೊರವನ್ನು ಒಂದು ಸಲ ಕೇರಿದರು. ಹೊಟ್ಟು ನನ್ನ ಪಾದದ ಮೇಲೆ ಬಿತ್ತು. "ಮೂವತ್ತೊಂದು ಅಂತ ನನ್ ಮಗ ಆವತ್ತೇ ಯೋಳ್ದ. ನಾ ನಂಬಿದ್ದಿ. ನಂಬ್ದೋಳ್ಗ ಬಂದು ಏನ್ ಯೋಳೀರಿ ಮೇಷ್ಟ್ರೇ? ನಂಬ್ದೆ ಸತ್ತೋರು ಅಲ್ಲವ್ರ, ಹೊಂಗೆ ಮರದ್ ತಾವ. ಆರ್ ವರ್ಸ ಆಯ್ತು. ಸಾಯೋಗಂಟ ಅದ್ನೇ ಅಂದ್ರು, ನನ್ ಮಗ ಕಳ್ ಬಾಯವ್ನು ಅಂತ. ಓಗಿ, ನಿಮ್ ಪುಸ್ತಕವ ಅವರ್ಗ್ ಓದಿ."

ಆಕೆ ಸಿಟ್ಟಿಗೆ ಹೇಳಿದರೋ, ಹೋಗಲೆಂದೇ ಹೇಳಿದರೋ ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಹೇಳಿದ್ದನ್ನು ಹೇಳಿದಂತೆ ಮಾಡುವುದು ನನ್ನ ಅಭ್ಯಾಸ. ಹೋದೆ. ಹೊಂಗೆ ಮರದ ಬುಡದಲ್ಲಿ ನಿನ್ನ ತಂದೆಯನ್ನು ಮಣ್ಣು ಮಾಡಿದ ಜಾಗದ ಮೇಲೆ ಕಲ್ಲು ಕೂಡ ಇಲ್ಲ. ಪಕ್ಕದ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸು ಕುಡುಗೋಲಿನಿಂದ ತೋರಿಸಿದಳು. ಚಪ್ಪಲಿ ಬಿಟ್ಟು ನಿಂತು, ಹಾಜರಿ ಕೂಗುವ ದನಿಯಲ್ಲಿ ಓದಿದೆ: ಶಿವರಾಜು, ತಂದೆ ಜವರಯ್ಯ, ಸೋಮನಾಥಪುರ, ಪೂರ್ವ ಪರೀಕ್ಷೆ, ಐವತ್ತಕ್ಕೆ ಮೂವತ್ತೊಂದು. ಕಳೆ ತೆಗೆಯುತ್ತಿದ್ದವಳು ಕೈ ನಿಲ್ಲಿಸಿ ನೋಡಿದಳು. ಆ ಹೆಸರಿಗೆ ಉತ್ತರ ಕೊಡುವವರು ಅಲ್ಲಿ ಇರಲಿಲ್ಲ. ಮರಳಿ ನಿಮ್ಮ ಮನೆಯ ಮುಂದೆ ಬಂದಾಗ ಬಾಗಿಲು ಮುಚ್ಚಿತ್ತು. ಜಗಲಿಯ ಮೇಲೆ ಒಂದು ಚೆಂಬು ನೀರು ಇಟ್ಟಿತ್ತು. ನನಗಾಗಿಯೋ, ಸುಮ್ಮನೆ ಇಟ್ಟದ್ದೋ ಗೊತ್ತಾಗದೆ ಕುಡಿಯದೆ ಬಂದೆ.

ಇಷ್ಟನ್ನು ಓದಿ ನೀನು ಗೆದ್ದೆನೆಂದುಕೊಳ್ಳಬೇಡ. ನನ್ನ ಒಂಬತ್ತು ನಿನ್ನ ನೂರ ತೊಂಬತ್ತಾರನ್ನು ಅಳಿಸುವುದಿಲ್ಲ. ನಾನು ನಿನ್ನ ಮೇಲೆ ಮಾಡಿದ್ದನ್ನು ನೀನು ನನ್ನ ಮೇಲಷ್ಟೇ ಮಾಡಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ನೀನು ಮಾಡಹೊರಟದ್ದು ಅದೇ ಶಾಲೆಯ ಮಕ್ಕಳಿಗೆ, ಯಾರ ಮನೆಯಿಂದ ಯಾರೂ ಬಂದು ಕೇಳುವುದಿಲ್ಲವೋ ಅದೇ ಮಕ್ಕಳಿಗೆ. ಅಪ್ಪನ ಏಟು ತಿಂದ ಕೆನ್ನೆಯ ನೆನಪಿದ್ದವನಿಗೆ ಆ ಬುದ್ಧಿ ಬರಬಾರದಿತ್ತು. ನನ್ನಿಂದ ಕಲಿತೆ ಎಂದೆ. ಮೂವತ್ತೊಂದು ತೆಗೆಯುವುದನ್ನೂ ನನ್ನಿಂದಲೇ ಕಲಿತಿದ್ದೆಯಲ್ಲ, ಅದನ್ನೇಕೆ ಬಿಟ್ಟೆ?

ಆದ್ದರಿಂದ ಹೀಗೆ ಮಾಡತಕ್ಕದ್ದು. ನನ್ನ ಹಳೆಯ ಹಾರ್ಡ್ ಡಿಸ್ಕ್ ನಿನ್ನ ಅಂಗಡಿಯಲ್ಲೇ ಇದೆ. ಬಂದು, ಎಸ್.ಎಸ್.ಡಿ.ಯನ್ನೂ ಹೊಸ ರ‍್ಯಾಮನ್ನೂ ಬಿಚ್ಚಿ, ಯಂತ್ರವನ್ನು ಮೊದಲಿದ್ದಂತೆ ಮಾಡು. ಬೆಳಿಗ್ಗೆ ಏಳಕ್ಕೆ, ಬೇರೆ ಯಾವುದೂ ಓಡದಂತೆ, ರೀಸ್ಟಾರ್ಟ್ ಮಾಡಿ ಐದು ನಿಮಿಷ ಬಿಟ್ಟು, ಮೂರು ಸಲ ಅಳೆದು ನಡುವಿನದನ್ನು ಬರೆದುಕೊಳ್ಳಬೇಕು. ಮತ್ತೆ ಜೋಡಿಸಿ ಅದೇ ಗಂಟೆಗೆ, ಅದೇ ಕ್ರಮದಲ್ಲಿ. ಎರಡೂ ದಿನ ಪ್ರೊಸೆಸರಿನ ಅಂಕ ಹೆಚ್ಚುಕಡಿಮೆ ಒಂದೇ ಬರಬೇಕು. ಬರದಿದ್ದರೆ ಆ ದಿನದ ಪರೀಕ್ಷೆ ರದ್ದು. ಏಜೆಂಟನ ತಂತ್ರಾಂಶವನ್ನು ಮನೆಯೊಳಕ್ಕೆ ತರಬೇಡ.

ಅಳೆಯುವಾಗ ನಾನು ಆ ಕೋಣೆಯಲ್ಲಿರುವುದಿಲ್ಲ. ಪರೀಕ್ಷಕನ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ಇಂದ್ರಾಣಿಯವರಿಗೆ ನಿನ್ನೆ ಎರಡು ಪತ್ರ ಬರೆದೆ. ಒಂದರಲ್ಲಿ ನೀನು ಮಾಡಿದ್ದು ಇದೆ, ಇನ್ನೊಂದರಲ್ಲಿ ನಾನು ಮಾಡಿದ್ದು. ಸ್ಟಾಪ್‌ವಾಚನ್ನು ಅವರಿಗೆ ಕಳುಹಿಸಿದ್ದೇನೆ. ಅವರೇ ಬಂದು ಹಿಡಿಯುತ್ತಾರೆ. ಐದು ಪಟ್ಟು ಎಂದು ಬಂದರೆ ಅವರು ಐದು ಎಂದೇ ಸಹಿ ಮಾಡುತ್ತಾರೆ, ಹದಿನಾಲ್ಕು ಯಂತ್ರವೂ ನಿನಗೆ ಸಿಗಬಹುದು. ಸಿಗದಿದ್ದರೆ ನನ್ನನ್ನು ಬಯ್ಯಬೇಡ. ಸಿಕ್ಕರೆ ಸ್ಮರಿಸಲೂ ಬೇಡ.

ನಿನ್ನ ಅಂಕವನ್ನು ಒಂದು ಹಾಳೆಯಲ್ಲಿ ಶಾಯಿಯಿಂದ ಬರೆದು, ಅಂದು ರಿಜಿಸ್ಟರಿನಲ್ಲಿ ಹಾಕಿದ್ದ ಪೂರ್ಣ ಸಹಿಯನ್ನೇ ಹಾಕಿ, ಇದರೊಡನೆ ಇಟ್ಟಿದ್ದೇನೆ. ದಿನಚರಿಯನ್ನು ಕೊಡಲಾರೆ, ಇನ್ನೂ ಹತ್ತು ಹೆಸರುಗಳಿವೆ. ಅವರಲ್ಲಿ ಯಾರಾದರೂ ಎಲ್ಲಿದ್ದಾರೆಂದು ನಿನಗೆ ತಿಳಿದಿದ್ದರೆ ವಿಳಾಸ ಬರೆದು ತಿಳಿಸು. ಅಷ್ಟು ಮಾತ್ರದ ಪತ್ರವ್ಯವಹಾರ ನಮ್ಮಿಬ್ಬರ ನಡುವೆ ಸಾಕು.

ಹಾರೈಕೆಯಿಲ್ಲದೆ ಪತ್ರ ಮುಗಿಸಿದವರಿಗೂ ಅರ್ಧ ಅಂಕ ಕಳೆಯುತ್ತಿದ್ದೆ. ಒಂದು ಪತ್ರದಲ್ಲಿ ಎರಡು ಸಲ ತಪ್ಪಲಾರೆ. ನಿನ್ನ ಮೊದಲಿನ ಅಂಕವನ್ನು ಇನ್ನು ಯಾರೂ ಇಳಿಸಿ ಬರೆಯದಿರಲಿ. ನೀನೂ ಯಾರದನ್ನೂ ಇಳಿಸದಿರು.

ಇಂತು,
ಶಿವಮಲ್ಲಪ್ಪ
ನಿವೃತ್ತ ಕನ್ನಡ ಶಿಕ್ಷಕ

ಲಗತ್ತು: ಪ್ರಮಾಣಪತ್ರ, ಸಹಿಯಿಲ್ಲದ್ದು. ಅಂಕದ ಹಾಳೆ, ಸಹಿಯಿರುವುದು.